ಕಣದ ಪುನರ್ಪುಳಿ, ದೊಡ್ಡಪ್ಪನ ಮಾತ್ರೆ

ಕಳಸದ ಕಡೆಯ ತೋಟದ ಮನೆಗಳಲ್ಲಿ ಕಾಫಿ ಒಣಗಿಸುವ ಕಣ ಏಪ್ರಿಲ್ ಹೊತ್ತಿಗೆ ಖಾಲಿ. ಆಗ ಅಲ್ಲಿ ಪುನರ್ಪುಳಿ ಸಿಪ್ಪೆಯ ರಾಜ್ಯಭಾರ. ಸಾರಿಗೂ ಆಯಿತು, ಶರಬತ್ತಿಗೂ ಆಯಿತು. ಅಂಥದೊಂದು ಮನೆಗೆ ರಜೆಯಲ್ಲಿ ಬಂದ ಎಂ.ಎಸ್ಸಿ. ಹುಡುಗಿಗೆ ಈ ಸಲ ಸಿಪ್ಪೆಯ ರಾಶಿ ಯಾಕೋ ದೊಡ್ಡದಾಗಿ ಕಂಡಿತು.

"ದೊಡ್ಡಪ್ಪನಿಗೆ" ಎಂದಳು ಅಮ್ಮ, ಮೆಲ್ಲಗೆ.

ದೊಡ್ಡಪ್ಪನಿಗೆ ಕ್ಯಾನ್ಸರ್. ಮಾತ್ರೆ ನುಂಗಿದರೆ ಸುಸ್ತು, ವಾಕರಿಕೆ. ಅಷ್ಟರಲ್ಲಿ ನೆಂಟರೊಬ್ಬರು ಹಳೆಯ ಪೇಪರ್ ತುಂಡು ತಂದುಕೊಟ್ಟಿದ್ದರು: ಪುನರ್ಪುಳಿಯಲ್ಲಿ ಕ್ಯಾನ್ಸರಿಗೆ ಮದ್ದಿದೆಯಂತೆ, ಬೆಂಗಳೂರಿನ ವಿಜ್ಞಾನಿಗಳೇ ಕಂಡುಹಿಡಿದದ್ದಂತೆ. ಮುಂದಿನ ತಿಂಗಳು ಆಸ್ಪತ್ರೆಗೆ ಹೋಗುವುದಿಲ್ಲವೆಂದು ಅವರು ತೀರ್ಮಾನಿಸಿಬಿಟ್ಟಿದ್ದರು.

"ಪೇಪರಿನವರು ಸುಳ್ಳು ಬರೀತಾರೇನೇ ಮಗಾ?"

"ಸುಳ್ಳಲ್ಲ ದೊಡ್ಡಪ್ಪ. ಪೂರ್ತಿ ಬರೆದಿಲ್ಲ, ಅಷ್ಟೆ" ಎಂದು ಆಕೆ ಜಗಲಿಯಲ್ಲಿ ಕುಳಿತಳು.

ಕಾಫಿ ಗಿಡದ ಬೇರು, ಎಲೆ, ಹೂವು ಎಲ್ಲದರಲ್ಲೂ ಇರುವುದು ಒಂದೇ ಡಿಎನ್‌ಎ. ಆದರೂ ಬೇರು ಬೇರೇ, ಹೂವು ಹೂವೇ. ಎಲ್ಲಿ ಯಾವ ಜೀನ್ ಕೆಲಸ ಮಾಡಬೇಕು, ಯಾವುದು ಸುಮ್ಮನಿರಬೇಕು ಎಂಬ ಕಟ್ಟಳೆಯಿದೆ. ಮನುಷ್ಯನ ಒಂದು ಜೀವಕೋಶದಲ್ಲಿ ಸುಮಾರು 2 ಮೀಟರ್ ಡಿಎನ್‌ಎ ಹಿಸ್ಟೋನ್ ಎಂಬ ಪ್ರೋಟೀನಿನ ಉಂಡೆಗಳಿಗೆ ಸುತ್ತಿಕೊಂಡಿದೆ. ಬಿಗಿಯಾಗಿ ಸುತ್ತಿದ ಕಡೆ ಜೀನ್ ಮೌನ. ಪಿ300 ಎಂಬ ಕಿಣ್ವ ಹಿಸ್ಟೋನಿಗೆ ಅಸಿಟೈಲ್ ಗುಂಪನ್ನು ಅಂಟಿಸಿದರೆ ಸುತ್ತು ಸಡಿಲ, ಜೀನ್ ಚುರುಕು. ಬೇರೆ ಕಿಣ್ವಗಳು ಅದನ್ನು ಕಿತ್ತು ಮತ್ತೆ ಬಿಗಿಯುತ್ತವೆ. ಅನೇಕ ಕ್ಯಾನ್ಸರುಗಳಲ್ಲಿ ಈ ಅಂಟಿಸುವ, ಕೀಳುವ ಲೆಕ್ಕ ತಪ್ಪಿರುತ್ತದೆ.

ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ತಪಸ್ ಕುಂಡು ಅವರ ತಂಡ 2004ರಲ್ಲಿ ತೋರಿಸಿದ್ದು ಇದನ್ನೇ: ಪುನರ್ಪುಳಿ ಸಿಪ್ಪೆಯ ಗಾರ್ಸಿನಾಲ್ ಎಂಬ ಅಣು ಪಿ300ರ ಕೈ ಕಟ್ಟುತ್ತದೆ. ಆದರೆ ಅದು ಇನ್ನೊಂದು ಕಿಣ್ವವನ್ನೂ ತಡೆಯಿತು. ಜೀವಕೋಶಗಳಿಗೆ ವಿಷವೂ ಆಯಿತು. ಆಗ ಶುರುವಾದದ್ದು ಅಣುವಿನ ದರ್ಜಿ ಕೆಲಸ. ಅದನ್ನು ಅಲ್ಲಲ್ಲಿ ತಿದ್ದಿ, ಹೊಲಿದು, 2007ರಲ್ಲಿ ಎಲ್‌ಟಿಕೆ-14 ಎಂಬ ಅಣುವನ್ನು ವರದಿ ಮಾಡಿದರು. ಅದು ಪಿ300 ಒಂದನ್ನೇ ತಡೆಯಿತು, ಪರೀಕ್ಷಿಸಿದ ಜೀವಕೋಶಗಳನ್ನು ಕೊಲ್ಲಲಿಲ್ಲ. ಪ್ರಯೋಗಾಲಯದಲ್ಲಿ ಎಚ್‌ಐವಿ ವೈರಸ್ ಹೆಚ್ಚುವುದನ್ನೂ ತಗ್ಗಿಸಿತು.

"ಹಾಗಾದರೆ ಶರಬತ್ತು?"

"ಶರಬತ್ತಿನ ಕೆಂಪು ಬಣ್ಣ ಆಂಥೋಸಯನಿನ್‌ದು. ಗಾರ್ಸಿನಾಲ್ ನೀರಿನಲ್ಲಿ ಸರಿಯಾಗಿ ಕರಗುವುದೂ ಇಲ್ಲ ದೊಡ್ಡಪ್ಪ. ಅವರು ಹಾಕಿದ್ದು ಅಳೆದ ಶುದ್ಧ ಅಣು, ಅದೂ ಪ್ರಯೋಗಾಲಯದ ಜೀವಕೋಶಗಳಿಗೆ."

ಹಿಸ್ಟೋನಿನ ದಾರಿ ಹಿಡಿದು ಔಷಧವಾದದ್ದೂ ಉಂಟೆಂದಳು. 1971ರಲ್ಲಿ ಷಾರ್ಲಟ್ ಫ್ರೆಂಡ್ ಎಂಬ ವಿಜ್ಞಾನಿ, ಡಿಎಂಎಸ್‌ಒ ಎಂಬ ಸಾಧಾರಣ ದ್ರಾವಕ ಇಲಿಯ ರಕ್ತಕ್ಯಾನ್ಸರಿನ ಕೋಶಗಳನ್ನು ದಾರಿಗೆ ತರುವುದನ್ನು ಕಂಡರು. ಅದೇ ಎಳೆ ಹಿಡಿದು ಅಣು ತಿದ್ದುತ್ತ ಹೋದವರು ವೊರಿನೋಸ್ಟ್ಯಾಟ್ ತಲುಪಿದರು. ಚರ್ಮದ ಒಂದು ಬಗೆಯ ಲಿಂಫೋಮಾಕ್ಕೆ ಅಮೆರಿಕದಲ್ಲಿ ಅದಕ್ಕೆ ಅನುಮತಿ ಸಿಕ್ಕಿದ್ದು 2006ರಲ್ಲಿ.

ದೊಡ್ಡಪ್ಪ ಬೆರಳೆಣಿಸಿದರು. "ಮೂವತ್ತೈದು ವರ್ಷ! ನಾನು ಮೂವತ್ತೈದು ದಿನ ಮಾತ್ರೆ ನುಂಗುವುದಕ್ಕೆ ಗೊಣಗುತ್ತೇನೆ."

ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು: "ನೀನು ಓದಿ ಇಂಥದೇ ಮಾಡ್ತೀಯೇನೇ?"

"ಪ್ರಯತ್ನ ಮಾಡ್ತೀನಿ. ನೋಡೋಕೆ ನೀವು ಇರಬೇಕಲ್ಲ."

ಅವರು ಮಾತಾಡಲಿಲ್ಲ. ಸಂಜೆ ಅಮ್ಮ ಸಿಪ್ಪೆಯನ್ನೆಲ್ಲ ಭರಣಿಗೆ ತುಂಬಿದಳು, ಸಾರಿಗೆಂದು. ಊಟವಾದ ಮೇಲೆ ದೊಡ್ಡಪ್ಪ ತಾವಾಗಿಯೇ ಮಾತ್ರೆಯ ಡಬ್ಬಿ ತೆಗೆದರು. "ವಾಕರಿಕೆಗೆ ಏನಾದರೂ ಕೊಡ್ತಾರಾ ಅಂತ ಡಾಕ್ಟರನ್ನು ಕೇಳಬೇಕು. ನೀನೂ ಬಾ" ಎಂದರು.