ಒಂದು ವರ್ಷ ತಾನೇ!

ನಮ್ಮ ಸ್ಟಾಫ್ ರೂಮಿನಲ್ಲಿ ಜೂನ್ ಒಂದನೇ ತಾರೀಖು ನಾಲ್ಕು ಜನರ ಹುಟ್ಟುಹಬ್ಬ. ನಾಲ್ವರಲ್ಲಿ ಒಬ್ಬರೂ ನಿಜವಾಗಿ ಆ ದಿನ ಹುಟ್ಟಿದವರಲ್ಲ! ಶಾಲೆ ತೆರೆಯುವ ತಿಂಗಳೆಂದು ಹಳ್ಳಿಯ ಹೆಡ್‌ಮೇಷ್ಟ್ರುಗಳು ಬರೆದುಕೊಂಡ ತಾರೀಖು ಅದು.

ನಾನು ಹುಟ್ಟಿದ್ದು 1969ರ ಆಯುಧಪೂಜೆಯ ದಿನ. ಅಮ್ಮನಿಗೆ ತಾರೀಖು ಗೊತ್ತಿಲ್ಲ. 'ಗಾಡಿ, ನೇಗಿಲು ತೊಳೆದು ಪೂಜೆಗೆ ಅಣಿ ಮಾಡ್ತಿದ್ದಾಗ ನೋವು ಬಂತು' ಎನ್ನುತ್ತಾಳೆ. ಜನನ ಮರಣ ನೋಂದಣಿ ಕಾಯಿದೆ ಆದದ್ದೂ ಅದೇ ವರ್ಷ. ಆದರೆ ನಮ್ಮೂರ ಸೂಲಗಿತ್ತಿಗೆ ಅದನ್ನು ಹೇಳುವವರು ಯಾರು? 1974ರ ಜೂನಿನಲ್ಲಿ ಅಕ್ಕನ ಹಿಂದೆ ಅಳುತ್ತಾ ಶಾಲೆಗೆ ಹೋದ ನನ್ನನ್ನು ಮೇಷ್ಟ್ರು ವಾಪಸು ಕಳಿಸಲಿಲ್ಲ. ಆರು ತುಂಬಿದೆಯೆಂದು ತೋರಿಸಲು 1-6-1968 ಎಂದು ಬರೆದು ಸೇರಿಸಿಕೊಂಡರು. ಅದು ಅವರ ಅಂತಃಕರಣ. ಇಲ್ಲವಾದರೆ ತಮ್ಮನ ತೊಟ್ಟಿಲು ತೂಗುತ್ತಾ ಮನೆಯಲ್ಲೇ ಉಳಿದುಬಿಡುತ್ತಿದ್ದೆನೇನೋ.

1994ರಲ್ಲಿ ಸರ್ಕಾರಿ ಪ್ರೌಢಶಾಲೆಗೆ ಸೇರಿದಾಗ ಸರ್ವಿಸ್ ರಿಜಿಸ್ಟರಿಗೂ ಅದೇ ತಾರೀಖು ಹೋಯಿತು. 'ತಿದ್ದಿಸ್ಕೋಬಾರದೇನೇ?' ಎಂದಳು ಅಮ್ಮ. 'ಒಂದು ವರ್ಷ ತಾನೇ, ಬಿಡಮ್ಮ' ಎಂದೆ.

ಆ ಒಂದು ವರ್ಷದ ಬೆಲೆ ತಿಳಿದದ್ದು ಐವತ್ತು ದಾಟಿದ ಮೇಲೆ, ಮನೆ ಸಾಲದ ಕಂತು ಎಣಿಸುವಾಗ. ಕೊನೆಯ ಕಂತು 2029ರ ಸೆಪ್ಟೆಂಬರಿಗೆ. ಒಂದನೇ ತಾರೀಖಿನವರು ಹಿಂದಿನ ತಿಂಗಳ ಕೊನೆಗೇ ನಿವೃತ್ತಿಯಾಗಬೇಕು. ಹಾಗಾಗಿ ನಾನು 2028ರ ಮೇ 31ಕ್ಕೆ ಮನೆಗೆ. ನಿಜವಾದ ಹುಟ್ಟಿನ ಲೆಕ್ಕ ಹಿಡಿದರೆ 2029ರ ಅಕ್ಟೋಬರ್ ಕೊನೆಯವರೆಗೂ ಪಾಠ ಮಾಡಬಹುದಿತ್ತು. ಹದಿನೇಳು ತಿಂಗಳ ಸಂಬಳ!

ಯಜಮಾನರು ಪರಿಚಯದ ವಕೀಲರ ಬಳಿ ಕರೆದುಕೊಂಡು ಹೋದರು. ಅವರು ಕನ್ನಡಕ ಸರಿಮಾಡಿಕೊಂಡು, 'ಸರ್ಕಾರಿ ನೌಕರರ ವಯಸ್ಸಿನ ಬಗ್ಗೆ ಕರ್ನಾಟಕದಲ್ಲಿ ಒಂದು ಕಾಯಿದೆಯೇ ಇದೆಯಮ್ಮ, 1974ರದು. ಸರ್ವಿಸ್ ರಿಜಿಸ್ಟರಿನಲ್ಲಿ ಬರೆದ ಮೂರು ವರ್ಷದೊಳಗೆ ಕೇಳಬೇಕಿತ್ತು' ಎಂದರು. ನನ್ನ ಮೂರು ವರ್ಷ 1997ಕ್ಕೇ ಮುಗಿದಿತ್ತು. ಮೇಷ್ಟ್ರು ನನ್ನ ತಾರೀಖು ಬರೆದ ವರ್ಷವೇ ಬೆಂಗಳೂರಿನಲ್ಲಿ ಅದಕ್ಕೆ ಬೀಗವೂ ತಯಾರಾಗಿತ್ತು! ಇಪ್ಪತ್ತನಾಲ್ಕು ವರ್ಷ ದುಡಿದ ಮೇಲೆ ಕೇಳಿದ ನಮ್ಮ ರಾಜ್ಯದ ನೌಕರರೊಬ್ಬರ ಪರವಾಗಿ ಹೈಕೋರ್ಟು ಕೊಟ್ಟ ತೀರ್ಪನ್ನೂ 2021ರಲ್ಲಿ ಸುಪ್ರೀಂ ಕೋರ್ಟು ತಳ್ಳಿಹಾಕಿತಂತೆ. ಗಟ್ಟಿ ಸಾಕ್ಷಿಯಿದ್ದರೂ, ಇಷ್ಟು ತಡವಾಗಿ ತಿದ್ದುಪಡಿಯನ್ನು ಹಕ್ಕೆಂದು ಕೇಳುವಂತಿಲ್ಲ. ಭೂಸೇನೆಯ ಮುಖ್ಯಸ್ಥರಾಗಿದ್ದ ಜನರಲ್ ವಿ.ಕೆ. ಸಿಂಗ್ ಅವರೇ ತಾವು ಹುಟ್ಟಿದ್ದು 1950ರಲ್ಲಲ್ಲ, 1951ರಲ್ಲಿ ಎಂದು ಸುಪ್ರೀಂ ಕೋರ್ಟಿಗೆ ಹೋಗಿ, 2012ರಲ್ಲಿ ಅರ್ಜಿ ಹಿಂದಕ್ಕೆ ತೆಗೆದುಕೊಂಡಿದ್ದರು. ಇನ್ನು ನನ್ನದೇನು! ಅಮ್ಮನ ನೆನಪು ಬಿಟ್ಟರೆ ನನ್ನ ಕೈಯಲ್ಲಿ ಒಂದು ಚೀಟಿಯೂ ಇರಲಿಲ್ಲ.

ಮೊನ್ನೆ ಹತ್ತನೇ ಕ್ಲಾಸಿನ ಮಕ್ಕಳ ಹೆಸರು, ಹುಟ್ಟಿದ ತಾರೀಖು ತಾಳೆ ನೋಡುತ್ತಿದ್ದೆ. ಒಬ್ಬ ಹುಡುಗಿಯ ಜನನ ಪ್ರಮಾಣಪತ್ರದಲ್ಲಿ 2011, ನಮ್ಮ ದಾಖಲೆಯಲ್ಲಿ 2010. ಅವಳ ತಾಯಿಯನ್ನು ಕರೆಸಿದೆ. ಗಾರ್ಮೆಂಟ್ಸ್ ಕೆಲಸಕ್ಕೆ ಅರ್ಧ ದಿನ ರಜೆ ಹಾಕಿ ಬಂದಿದ್ದಾಕೆ ಸೆರಗಿನಲ್ಲಿ ಮುಖ ಒರೆಸಿಕೊಳ್ಳುತ್ತಾ, 'ಒಂದು ವರ್ಷ ತಾನೇ ಮೇಡಂ, ಹಂಗೇ ಇರ್ಲಿ ಬಿಡಿ' ಎಂದಳು.

ನಾನು ಬಿಡಲಿಲ್ಲ. 'ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಅಚ್ಚಾಗಿ ಬಂದ ಮೇಲೆ ಕೋರ್ಟು, ವಕೀಲರು ಅಂತ ಅಲೆಯಬೇಕಾಗುತ್ತಮ್ಮ. ಈಗಲೇ ಅರ್ಜಿ ಕೊಡು' ಎಂದು ಪಕ್ಕದಲ್ಲಿ ಕೂರಿಸಿಕೊಂಡು ನಾನೇ ಬರೆದೆ. ಆಕೆ ನಿಧಾನವಾಗಿ ಅಕ್ಷರ ಕೂಡಿಸಿ ಸಹಿ ಮಾಡಿದಳು.