ಅರಿವೆಯೂ ಅರಿವೂ

ದೂರದ ಪ್ರಯಾಣಕ್ಕೆ ಹೊರಟವರನ್ನು ಎಲ್ಲಿಗೆ ಹೋಗುವಿರೆಂದು ಎಲ್ಲರೂ ಕೇಳುವರು. ಏನನ್ನು ಕಟ್ಟಿಕೊಂಡು ಹೋಗುವಿರೆಂದು ಕೇಳುವವರು ವಿರಳ. ಆದರೆ ಪ್ರಯಾಣದ ಸುಖದುಃಖಗಳಲ್ಲಿ ಅರ್ಧದಷ್ಟಾದರೂ ಪೆಟ್ಟಿಗೆಯನ್ನು ಕಟ್ಟುವಾಗಲೇ ನಿಶ್ಚಯವಾಗಿಬಿಡುತ್ತವೆ. ನಮ್ಮ ಹಿರಿಯರು ಜಾತ್ರೆಗೆ ಹೊರಟರೆ ಬುತ್ತಿಯ ಗಂಟು, ಒಂದು ಜೊತೆ ಅರಿವೆ, ಹೊದೆಯಲು ಒಂದು ಕಂಬಳಿ ಇಷ್ಟಾದರೆ ಸಿದ್ಧತೆ ಮುಗಿಯುತ್ತಿತ್ತು. ಚಕ್ಕಡಿಯಲ್ಲಿ ಸ್ಥಳವಿದ್ದಷ್ಟು ಸಾಮಾನು ಎಂಬುದೇ ಅಂದಿನ ಲೆಕ್ಕ. ಇಂದು ಮಕ್ಕಳು ಸಪ್ತಸಮುದ್ರಗಳಾಚೆ ನೆಲೆಸಿ, ಹೆತ್ತವರನ್ನು ಕರೆಯಿಸಿಕೊಂಡು, ತಾವು ಕಂಡ ಲೋಕವನ್ನು ಅವರಿಗೂ ತೋರಿಸಬೇಕೆಂದು ಹಂಬಲಿಸುವ ಕಾಲ. ಇಂಥ ಕಾಲದಲ್ಲಿ ವಯಸ್ಸಾದ ತಾಯಿಯೊಬ್ಬಳು ತನ್ನ ಮೊದಲ ಹಡಗು ಪ್ರಯಾಣಕ್ಕೆ ಏನನ್ನು ಉಟ್ಟು ಹೋಗಬೇಕೆಂಬುದು ಕ್ಷುಲ್ಲಕವಾದ ಪ್ರಶ್ನೆಯಲ್ಲವೆಂಬುದು ಕಳೆದ ವರ್ಷ ನನ್ನ ಅಕ್ಕನ ನಿಮಿತ್ತದಿಂದ ನನಗೆ ಮನದಟ್ಟಾಯಿತು.

ಅಕ್ಕನಿಗೆ ಈಗ 72 ವರ್ಷ. ಧಾರವಾಡ ಜಿಲ್ಲೆಯ ಹಳ್ಳಿಯೊಂದರಲ್ಲಿ ಒಕ್ಕಲುತನದ ಮನೆ. ಭಾವನವರು ತೀರಿಕೊಂಡು 16 ವರ್ಷಗಳಾದವು. ಅಂದಿನಿಂದ ಹೊಲಮನೆಗಳ ಭಾರವನ್ನೆಲ್ಲ ಆಕೆಯೇ ಹೊತ್ತಿರುವಳು. ಶ್ರೀಶೈಲ, ಕೂಡಲಸಂಗಮ, ಒಮ್ಮೆ ಮುಂಬಯಿ, ಇವೇ ಆಕೆ ಕಂಡ ದೂರದ ಊರುಗಳು. ನೀರಿನ ಮೇಲಣ ಪ್ರಯಾಣವೆಂದರೆ ಚಿಕ್ಕಂದಿನಲ್ಲಿ ಮಲಪ್ರಭೆಯನ್ನು ಹರಿಗೋಲಿನಲ್ಲಿ ದಾಟಿದ್ದು ಅಷ್ಟೇ. ಅಮೆರಿಕದ ಸಿಯಾಟಲ್ ನಗರದಲ್ಲಿರುವ ಆಕೆಯ ಮಗಳು, ತಾಯಿ ಬಂದಾಗ ಏಳು ರಾತ್ರಿಗಳ ಅಲಾಸ್ಕ ಯಾತ್ರೆಗೆ ಹಡಗಿನಲ್ಲಿ ಸ್ಥಳವನ್ನು ಕಾದಿರಿಸಿದ್ದಳು. ಸಮುದ್ರವೆಂದರೆ ಅಕ್ಕ ಅಂಜಬಹುದೆಂದು ನಾವೆಲ್ಲ ಭಾವಿಸಿದ್ದೆವು. ಆಕೆಯ ಅಂಜಿಕೆ ಬೇರೆಯೇ ಆಗಿತ್ತು.

“ಹಡಗ ಮುಳುಗಿದರ ಎಲ್ಲಾರೂ ಕೂಡೇ ಮುಳಗತೀವಿ, ಅದಕ್ಕೇನ ಅಂಜೂದು? ಆದರ ಅಷ್ಟು ಮಂದಿಯೊಳಗ ನಾ ಏನ ಉಟ್ಕೊಂಡು ನಿಂದರಲಿ ತಮ್ಮಾ?” ಎಂದು ಆಕೆ ಕೇಳಿದಳು.

ಮಗಳು ಕಳುಹಿಸಿದ ಪಟ್ಟಿಯಲ್ಲಿ ಪ್ಯಾಂಟು, ಜಾಕೀಟು, ಬೂಟು ಎಂದೆಲ್ಲ ಇದ್ದಿತು. ಹದಿನಾರನೆಯ ವಯಸ್ಸಿನಿಂದ ಇಳಕಲ್ ಸೀರೆಯ ಹೊರತು ಬೇರೇನನ್ನೂ ಉಡದ ಅಕ್ಕ ಅದನ್ನು ಓದಿಸಿ ಕೇಳಿ ಸುಮ್ಮನಾದಳು. ಎರಡು ದಿನ ಬಿಟ್ಟು, ತಾನು ಹಡಗಿಗೆ ಬರುವೆನೆಂದೂ, ಆದರೆ ಕೋಣೆ ಬಿಟ್ಟು ಹೊರಗೆ ಬರುವುದಿಲ್ಲವೆಂದೂ ಮಗಳಿಗೆ ಹೇಳಿಬಿಟ್ಟಳು. “ಮಾಮಾ, ಅವ್ವಗ ನೀವಾದರೂ ತಿಳಿಸಿ ಹೇಳ್ರಿ. ಬರ್ಫಿನ ಗುಡ್ಡಾ ತೋರಸಬೇಕಂತ ಕರಕೊಂಡು ಹೊಂಟೀನಿ, ಆಕಿ ಕ್ವಾಣ್ಯಾಗ ಕುಂತರ ಹ್ಯಾಂಗ್ರಿ?” ಎಂದು ಮಗಳು ಫೋನಿನಲ್ಲಿ ಅತ್ತಳು. ಮಗಳ ಪ್ರೀತಿಯೂ ನಿಜ, ತಾಯಿಯ ಸಂಕೋಚವೂ ನಿಜ. ಎರಡರ ನಡುವೆ ಪೆಟ್ಟಿಗೆಯನ್ನು ಕಟ್ಟುವ ಕೆಲಸ ನನ್ನ ಪಾಲಿಗೆ ಬಂದಿತು.

ಏನನ್ನು ಉಡಬೇಕೆಂದು ನಿರ್ಧರಿಸುವ ಮೊದಲು ಎಲ್ಲಿ ಉಡುವುದೆಂಬುದನ್ನು ಅರಿಯಬೇಕಷ್ಟೆ. ಅಲಾಸ್ಕವು ವಿಸ್ತಾರದಲ್ಲಿ ಅಮೆರಿಕದ ಎಲ್ಲ ರಾಜ್ಯಗಳಿಗಿಂತ ದೊಡ್ಡದು. 1867ರಲ್ಲಿ ರಷ್ಯಾದಿಂದ 72 ಲಕ್ಷ ಡಾಲರಿಗೆ ಕೊಂಡ ಸೀಮೆ. ಬೇಸಗೆಯ ತಿಂಗಳುಗಳಲ್ಲಿ ಸಿಯಾಟಲಿನಿಂದ ಹೊರಡುವ ಹಡಗುಗಳು ಅಲ್ಲಿಯ ದ್ವೀಪಗಳ ನಡುವಣ ಜಲಮಾರ್ಗವನ್ನು ಹಿಡಿದು ಕೆಚಿಕಾನ್, ಜುನೋ, ಸ್ಕ್ಯಾಗ್ವೇ ಮೊದಲಾದ ಊರುಗಳನ್ನು ಮುಟ್ಟುವುವು. ಜುನೋ ಆ ರಾಜ್ಯದ ರಾಜಧಾನಿಯಾದರೂ ಹೊರಗಿನ ಊರುಗಳಿಂದ ಅಲ್ಲಿಗೆ ರಸ್ತೆಯಿಲ್ಲ. ಹಡಗು ಇಲ್ಲವೆ ವಿಮಾನವೇ ಗತಿ. ಜೂನ್ ತಿಂಗಳಲ್ಲಿ ಅಲ್ಲಿ 18 ತಾಸು ಹಗಲು. ಆದರೆ ಆ ಹಗಲಿನ ಬಿಸಿಲನ್ನು ನಂಬುವಂತಿಲ್ಲ. ಮಧ್ಯಾಹ್ನ 15-16 ಡಿಗ್ರಿ ಸೆಲ್ಸಿಯಸ್ ಇದ್ದರೆ ಅದೇ ಹೆಚ್ಚು. ಹಿಮನದಿಯ ಸಮೀಪ ಗಾಳಿ ಬೀಸಿದರೆ ನಮ್ಮ ಕಡೆಯ ಮಾಗಿಯ ಬೆಳಗೂ ಬೆಚ್ಚಗೆನಿಸುವುದು. ಕೆಚಿಕಾನಿನಲ್ಲಿಯಂತೂ ವರ್ಷಕ್ಕೆ 3,500 ಮಿಲಿಮೀಟರಿಗೂ ಹೆಚ್ಚು ಮಳೆ. ಅದು ಧಾರವಾಡದ ಮಳೆಯ ಸುಮಾರು ನಾಲ್ಕು ಪಟ್ಟು.

ಇಂಥ ಹವೆಗೆ ದಪ್ಪನೆಯ ಕೋಟೊಂದನ್ನು ಹೊತ್ತೊಯ್ಯುವುದಕ್ಕಿಂತ ಒಂದರ ಮೇಲೊಂದು ತೊಡುವ ಮೂರು ತೆಳುವಾದ ಪದರುಗಳು ಲೇಸೆಂದು ಬಲ್ಲವರು ಹೇಳುವರು. ಮೈಗೆ ಹತ್ತಿಕೊಂಡಿರುವ ಒಳ ಉಡುಪು, ಅದರ ಮೇಲೆ ಉಣ್ಣೆ, ಎಲ್ಲಕ್ಕೂ ಹೊರಗೆ ಗಾಳಿ ಮಳೆಗಳನ್ನು ತಡೆಯುವ ಅಂಗಿ. ಪದರುಗಳ ನಡುವೆ ಸಿಕ್ಕ ಗಾಳಿಯೇ ಮೈಯ ಕಾವನ್ನು ಕಾಯುವುದು. ಬಿಸಿಲೇರಿದರೆ ಒಂದನ್ನು ಕಳಚಬಹುದು, ಮೋಡ ಕವಿದರೆ ಮತ್ತೆ ತೊಡಬಹುದು. ಹತ್ತಿಯ ಬಟ್ಟೆ ತೊಯ್ದರೆ ಮೈಯ ಬಿಸಿಯನ್ನೆಲ್ಲ ಹೀರಿಬಿಡುತ್ತದೆ. ಉಣ್ಣೆಯು ತುಸು ತೊಯ್ದರೂ ಬೆಚ್ಚಗಿರುತ್ತದೆ. ಇದನ್ನೆಲ್ಲ ನಾನು ಅಕ್ಕನಿಗೆ ವಿವರಿಸುತ್ತಿರುವಾಗ ಆಕೆ ನಡುವೆಯೇ ತಡೆದಳು.

“ಇದರಾಗ ಹೊಸಾದೇನ ಐತೋ? ಜ್ವಾಳಾ ಕೊಯ್ಯಾಕ ಹೋಗುವಾಗ ರವದಿ ಕೊಯ್ತದಂತ ಸೀರಿ ಮ್ಯಾಲ ಅವರ ತುಂಬ ತೋಳಿನ ಅಂಗಿ ತೊಡತಿದ್ದೆ. ಮಳಿ ಬಂದರ ಕಂಬಳಿ ಕೊಪ್ಪಿ ಹಾಕ್ಕೊತಿದ್ದೆ. ಕೆಸರಾಗ ಸೀರಿ ಎತ್ತಿ ಕಟ್ಟತಿದ್ದೆ. ಆಗ ಯಾರೂ ನಗಲಿಲ್ಲ.”

ಹೀಗೆಂದು ಆಕೆ ತುಸು ಹೊತ್ತು ಸುಮ್ಮನೆ ಕುಳಿತಳು. ಬಳಿಕ ತಾನೇ ಎದ್ದು ಹೋಗಿ ಕಪಾಟಿನ ಕದವನ್ನು ತೆರೆದಳು. ಆ ಕ್ಷಣದಿಂದ ಪೆಟ್ಟಿಗೆ ಆಕೆಯದಾಯಿತು, ನಾನು ಬರಿಯ ಸಹಾಯಕನಾದೆ. ಹೊಲದಲ್ಲಿ ದುಡಿಯುವ ನಮ್ಮ ಹೆಣ್ಣುಮಕ್ಕಳು ಸೀರೆಯನ್ನು ಬಿಡದೆಯೇ ಬಿಸಿಲು, ಮಳೆ, ಮುಳ್ಳು, ಕೆಸರುಗಳಿಗೆ ತಕ್ಕಂತೆ ತಮ್ಮ ಉಡುಪನ್ನು ಹೊಂದಿಸಿಕೊಂಡು ಬಂದವರು. ಆ ಅರಿವು ಅಕ್ಕನಲ್ಲಿ ಮೊದಲೇ ಇತ್ತು. ಪರದೇಶವೆಂಬ ಒಂದು ಮಾತು ಅದನ್ನು ಕೆಲಕಾಲ ಮರೆಯಿಸಿತ್ತು, ಅಷ್ಟೇ.

ಕಡೆಗೆ ಆಕೆ ಆರಿಸಿದ ಅರಿವೆಗಳು ಇವು. ನಿತ್ಯದ ನಾಲ್ಕು ಇಳಕಲ್ ಸೀರೆಗಳು. ಹಡಗಿನಲ್ಲಿ ಎರಡು ಸಂಜೆ ಎಲ್ಲರೂ ಅಲಂಕರಿಸಿಕೊಂಡು ಊಟಕ್ಕೆ ಬರುವ ಪದ್ಧತಿಯುಂಟೆಂದು ಮಗಳು ತಿಳಿಸಿದ್ದರಿಂದ ಒಂದು ರೇಷ್ಮೆಯ ಸೀರೆ. ಕಾಲಿಗೂ ತೋಳಿಗೂ ಬೆಚ್ಚನೆಯ ಒಳ ಉಡುಪು ಎರಡು ಜೊತೆ. ಅವುಗಳ ಮೇಲೆ ಬಿಗಿಯಾಗದಂತೆ ಊರ ಸಿಂಪಿಗನಿಂದ ಹೊಲಿಸಿದ, ತುಸು ಸಡಿಲಾದ ತುಂಬುತೋಳಿನ ಕುಪ್ಪಸಗಳು. ಮುಂದೆ ಗುಂಡಿಗಳಿರುವ ಒಂದು ಉಣ್ಣೆಯ ಸ್ವೆಟರು. ತಲೆಗೆ ಮುಸುಕಿರುವ, ಮೊಳಕಾಲಿನವರೆಗೆ ಬರುವ ಒಂದು ಮಳೆಯಂಗಿ. ಕಿವಿಗೆ ಸುತ್ತಿಕೊಳ್ಳಲು ಒಂದು ಶಾಲು. ಉಣ್ಣೆಯ ಕಾಲುಚೀಲಗಳು. ರಬ್ಬರಿನ ಅಟ್ಟೆಯ, ಜಾರದ ಬೂಟು ಒಂದು ಜೊತೆ. ಹಡಗಿನ ಅಟ್ಟವು ಮಳೆಯಿಂದಲೂ ಅಲೆಯ ಹನಿಗಳಿಂದಲೂ ಒದ್ದೆಯಾಗಿರುವುದರಿಂದ ಈ ವಯಸ್ಸಿನಲ್ಲಿ ಚಪ್ಪಲಿ ಅಪಾಯಕರ. ಸೀರೆಯ ಅಂಚು ಕಾಲಿಗೆ ತೊಡರದಂತೆ ನಾಲ್ಕು ಬೆರಳು ಮೇಲಕ್ಕೆ ಉಡುವುದೆಂದೂ, ಸೆರಗು ಗಾಳಿಗೆ ಹಾರದಂತೆ ಸ್ವೆಟರಿನೊಳಗೆ ಸಿಕ್ಕಿಸುವುದೆಂದೂ ಆಕೆಯೇ ನಿರ್ಣಯಿಸಿದಳು.

ಉಳಿದದ್ದು ಕೌದಿಯ ಪ್ರಶ್ನೆ. ನಮ್ಮ ತಾಯಿ ಹಳೆಯ ಸೀರೆಗಳನ್ನು ಕೂಡಿಸಿ ಹೊಲಿದ ಕೌದಿಯಿಲ್ಲದೆ ಅಕ್ಕನಿಗೆ ನಿದ್ರೆ ಬಾರದು. ತೂಗಿ ನೋಡಿದರೆ ಅದೊಂದೇ ಮೂರು ಕಿಲೋ. ಬೇಡವೆಂದು ಹೇಳಲು ನನಗೆ ಬಾಯಿ ಬರಲಿಲ್ಲ. ಹಡಗಿನ ಕೋಣೆ ಸಣ್ಣದು, ಖಾಲಿಯಾದ ಪೆಟ್ಟಿಗೆಯನ್ನು ಮಂಚದ ಕೆಳಗೆ ಸರಿಸಿಡುವರು, ಹಾಸಿಗೆ ಹೊದಿಕೆಗಳನ್ನು ಅವರೇ ಕೊಡುವರು ಎಂದಷ್ಟೇ ಹೇಳಿದೆ. ಆಕೆ ಕೌದಿಯನ್ನು ಎರಡು ಸಲ ಮಡಿಸಿ, ಬಿಚ್ಚಿ, ಮತ್ತೆ ಮಡಿಸಿ ಕಪಾಟಿನಲ್ಲಿಟ್ಟು, “ಅವ್ವ ಮನೀ ಕಾಯಲಿ” ಎಂದಳು.

ಹಡಗಿನ ಕೆಲವು ಕಟ್ಟುಪಾಡುಗಳನ್ನು ಮುಂಚೆಯೇ ತಿಳಿದಿದ್ದರೆ ಹಿರಿಯರಿಗೆ ಗಾಬರಿಯಾಗುವುದಿಲ್ಲ. ದೊಡ್ಡ ಪೆಟ್ಟಿಗೆಗಳನ್ನು ಬಂದರದಲ್ಲಿಯೇ ಚೀಟಿ ಕಟ್ಟಿ ಒಪ್ಪಿಸಬೇಕು. ಅವು ಕೋಣೆಯ ಬಾಗಿಲಿಗೆ ಬರುವುದು ಸಂಜೆಯ ಹೊತ್ತಿಗೆ. ಆದುದರಿಂದ ಔಷಧಿ, ಕನ್ನಡಕ, ಪಾಸ್‌ಪೋರ್ಟು, ಒಂದು ಸ್ವೆಟರು ಕೈಚೀಲದಲ್ಲಿಯೇ ಇರಬೇಕು. ಪರದೇಶದ ಧ್ವಜ ಹೊತ್ತ ಹಡಗು ಸಿಯಾಟಲಿನಿಂದ ಹೊರಟು ಅಲ್ಲಿಗೇ ಮರಳುವುದಾದರೆ ನಡುವೆ ಅನ್ಯದೇಶದ ಬಂದರವೊಂದನ್ನು ಮುಟ್ಟಲೇಬೇಕೆಂದು 1886ರ ಅಮೆರಿಕದ ಕಾಯಿದೆ ವಿಧಿಸುತ್ತದೆ. ಅದಕ್ಕಾಗಿ ಈ ಹಡಗುಗಳು ಹೆಚ್ಚಾಗಿ ಕೆನಡಾದ ವಿಕ್ಟೋರಿಯಾಕ್ಕೆ ಹೋಗುವುದರಿಂದ, ನಮ್ಮ ದೇಶದವರಿಗೆ ಆ ದೇಶದ ವೀಸಾ ಕೂಡ ಬೇಕು. ಬೆಂಕಿಯ ಭಯದಿಂದ ಇಸ್ತ್ರಿಪೆಟ್ಟಿಗೆ, ಮೇಣದಬತ್ತಿ, ಊದುಬತ್ತಿಗಳನ್ನು ಹಡಗಿನಲ್ಲಿ ಬಿಡುವುದಿಲ್ಲ. ನಿತ್ಯದ ಪೂಜೆಗೆ ವಿಭೂತಿ ಮತ್ತು ಶುದ್ಧವಾದ ನೀರು ಸಾಕೆಂದು ಅಕ್ಕ ಸಮಾಧಾನಪಟ್ಟಳು. 1912ರಲ್ಲಿ ಟೈಟಾನಿಕ್ ಮುಳುಗಿದ ಬಳಿಕ ರಾಷ್ಟ್ರಗಳೆಲ್ಲ ಕೂಡಿ 1914ರಲ್ಲಿ ಮೊದಲು ಮಾಡಿಕೊಂಡ ಒಪ್ಪಂದದ ಪರಂಪರೆಯಂತೆ, ವಿಪತ್ತಿನಲ್ಲಿ ಎಲ್ಲಿ ಸೇರಬೇಕು, ತೇಲುವ ಅಂಗಿಯನ್ನು ಹೇಗೆ ತೊಡಬೇಕೆಂಬುದನ್ನು ಪ್ರಯಾಣಿಕರೆಲ್ಲರಿಗೂ ತಿಳಿಸಿಕೊಡುವರು. ಆ ಅಂಗಿ ಸೀರೆಯ ಮೇಲೆಯೂ ಸರಿಯಾಗಿ ಕೂಡುವುದು. ಕಡೆಯ ರಾತ್ರಿ ಪೆಟ್ಟಿಗೆಯನ್ನು ಕೋಣೆಯ ಹೊರಗಿಡಬೇಕಾಗುವುದರಿಂದ ಮರುದಿನ ಉಡುವ ಸೀರೆ, ಕುಪ್ಪಸ, ಬೂಟುಗಳನ್ನು ಮರೆಯದೆ ಒಳಗೆ ತೆಗೆದಿಟ್ಟುಕೊಳ್ಳಬೇಕು.

ಈ ಯಾತ್ರೆಯ ದಾರಿಯಲ್ಲಿರುವ ಸ್ಕ್ಯಾಗ್ವೇ ಎಂಬ ಊರಿನ ಚರಿತ್ರೆಯೇ ಗಂಟುಮೂಟೆಗಳ ಚರಿತ್ರೆ. 1896ರಲ್ಲಿ ಕೆನಡಾದ ಕ್ಲಾಂಡೈಕ್ ಸೀಮೆಯಲ್ಲಿ ಚಿನ್ನ ಸಿಕ್ಕಿತೆಂಬ ಸುದ್ದಿ ಹಬ್ಬಿ, 1897-98ರಲ್ಲಿ ಸಹಸ್ರಾರು ಜನ ಈ ಊರಿಗೆ ಬಂದಿಳಿದರು. ಕಣಿವೆಯ ತುದಿಯಲ್ಲಿ ಕಾವಲಿದ್ದ ಕೆನಡಾದ ಪೋಲೀಸರು, ಒಂದು ವರ್ಷಕ್ಕೆ ಸಾಲುವ ಆಹಾರ, ಅರಿವೆ, ಸಲಕರಣೆಗಳಿಲ್ಲದವರನ್ನು ಒಳಗೆ ಬಿಡುತ್ತಿರಲಿಲ್ಲ. ಅದರ ತೂಕ ಸುಮಾರು ಒಂದು ಟನ್ನು. ಅದನ್ನು ಬೆನ್ನ ಮೇಲೆ ಹೊತ್ತು ಹಿಮದ ಏರನ್ನು ಹತ್ತಾರು ಬಾರಿ ಏರಿಳಿಯಬೇಕಾಗಿತ್ತು. ವೈಟ್ ಪಾಸ್ ಎಂಬ ದಾರಿಯಲ್ಲಿ ಸುಮಾರು 3,000 ಕುದುರೆಗಳು ಭಾರ ತಾಳದೆ ಸತ್ತುವು. ಇಷ್ಟೆಲ್ಲ ಹೊತ್ತು ಹೋದವರಲ್ಲಿ ಹೆಚ್ಚಿನವರಿಗೆ ಚಿನ್ನ ಸಿಕ್ಕಲೇ ಇಲ್ಲ. 1900ರಲ್ಲಿ ಪೂರ್ಣವಾದ ರೈಲುಮಾರ್ಗ ಇಂದು ಪ್ರವಾಸಿಗಳನ್ನು ಅದೇ ಕಣಿವೆಗೆ ಕರೆದೊಯ್ಯುತ್ತದೆ. ಅಕ್ಕ ಆ ರೈಲಿನಲ್ಲಿ ಕುಳಿತು ಕುದುರೆಗಳ ಕಥೆ ಕೇಳಿದಳಂತೆ. ಮಂದಿಯ ಮಾತಿಗಿಂತ ಕುದುರೆಗಳ ಮಾತನ್ನೇ ನನ್ನೊಡನೆ ಹೆಚ್ಚು ಆಡಿದಳು. ಎತ್ತು ಸಾಕಿದ ಜೀವವಲ್ಲವೆ!

ಹಿಮನದಿಯ ದಿನ ಏನಾದೀತೆಂದು ನಾನು ಇಲ್ಲಿಂದಲೇ ಚಿಂತಿಸುತ್ತಿದ್ದೆ. ಗ್ಲೇಸಿಯರ್ ಬೇ ಎಂಬ ಆ ಕೊಲ್ಲಿಯು 1794ರಲ್ಲಿ ಆಂಗ್ಲ ನಾವಿಕರು ಅತ್ತ ಬಂದಾಗ ಬಹುತೇಕ ಹಿಮದಿಂದ ಮುಚ್ಚಿದ್ದಿತು. ಮುಂದೆ ಹಿಮ ಹಿಂದಕ್ಕೆ ಸರಿದು ಹಡಗಿಗೆ ದಾರಿಯಾಯಿತು. ಮಾರ್ಜರಿ ಎಂಬ ಹಿಮನದಿಯ ಮುಂದೆ ಹಡಗುಗಳು ಬಹಳ ಹೊತ್ತು ನಿಲ್ಲುವುವು. ಅದರ ಅಗಲ ಒಂದು ಮೈಲಿ, ನೀರಿನ ಮೇಲಣ ಎತ್ತರ ಸುಮಾರು 250 ಅಡಿ. ಅಂದು ಸಣ್ಣ ಮಳೆಯೂ ಕೊರೆಯುವ ಗಾಳಿಯೂ ಇದ್ದು, ಅನೇಕರು ಭಾವಚಿತ್ರ ತೆಗೆದುಕೊಂಡು ಒಳಗೆ ಹೋದರಂತೆ. ಮಗಳಿಗೂ ಚಳಿ ತಡೆಯದಾಯಿತು. ಅಕ್ಕ ಮಾತ್ರ ಮಳೆಯಂಗಿಯ ಮುಸುಕೆಳೆದುಕೊಂಡು, ಸೀರೆಯನ್ನು ಎತ್ತಿ ಕಟ್ಟಿ, ಕಂಬಿ ಹಿಡಿದು ಒಂದು ತಾಸು ನಿಂತಳು.

“ಗುಡ್ಡದಿಂದ ಬರ್ಫ ಕಿತ್ತು ಬೀಳೂದು ಮೊದಲ ಕಾಣತದ, ಆಮ್ಯಾಲ ಗುಡುಗಿನಂಗ ಸಪ್ಪಳ ಕೇಳತದ” ಎಂದು ಆಕೆ ಊರಿಗೆ ಬಂದ ಮೇಲೆ ಹೇಳಿದಳು. ಅರಿವೆಗಳ ವಿಷಯವನ್ನು ನಾನೇ ಕೇಳಬೇಕಾಯಿತು. “ಯಾರೂ ನನ್ನ ಅರಿವಿ ನೋಡಲಿಲ್ಲೋ ತಮ್ಮಾ. ಎಲ್ಲಾರೂ ಗುಡ್ಡಾ ನೋಡಾಕತ್ತಿದ್ದರು. ನಾನೂ ನೋಡಿದೆ.” ಒಯ್ದ ನಾಲ್ಕು ಇಳಕಲ್ ಸೀರೆಗಳಲ್ಲಿ ಒಂದು ಮಡಿಕೆ ಬಿಚ್ಚದೆಯೇ ಮರಳಿ ಬಂದಿತ್ತು.

ತಾಯಂದಿರನ್ನು ದೂರದ ಯಾತ್ರೆಗೆ ಕಳುಹಿಸುವ ಮಕ್ಕಳು ಈ ಮಾತನ್ನು ಗಮನಿಸುವುದು ಒಳ್ಳೆಯದು. ಹಿರಿಯರು ಅರಿವೆಯ ನೆಪದಿಂದ ಹಿಂಜರಿದರೆ ಅದು ಹಟವೆಂದು ತಿಳಿಯಬಾರದು. ಜನರೆದುರು ತಾನು ತಾನಾಗಿ ನಿಲ್ಲಲು ಆದೀತೇ ಎಂಬ ಚಿಂತೆ ಅದರೊಳಗಿರುವುದು. ಅಂಗಡಿಯ ಪಟ್ಟಿಯನ್ನು ಅವರ ಕೈಗೆ ಕೊಡುವ ಮೊದಲು ಅಲ್ಲಿಯ ಗಾಳಿ ಹೇಗೆ, ಮಳೆ ಹೇಗೆ, ನೆಲ ಹೇಗೆ ಎಂಬುದನ್ನು ತಿಳಿಸಿ ಹೇಳಿರಿ. ಜೀವಮಾನವೆಲ್ಲ ಬಿಸಿಲು ಮಳೆಗಳೊಡನೆ ದುಡಿದವರಿಗೆ ಏನನ್ನು ಉಡಬೇಕೆಂಬುದು ತಾನಾಗಿಯೇ ಹೊಳೆಯುವುದು. ಉಟ್ಟದ್ದು ಮೈಯನ್ನು ಕಾಯಬೇಕು, ಮನಸ್ಸಿಗೆ ಮರೆತುಹೋಗಬೇಕು. ಆಗ ಕಣ್ಣು ನೋಡಬೇಕಾದುದನ್ನು ನೋಡುವುದು.