ಉಷ್ಣ ಎಂಬ ಒಂದೇ ಹೆಸರು

ಮಂಡ್ಯ, ಮದ್ದೂರು, ಮಳವಳ್ಳಿ ಕಡೆ ಹೆಂಗಸರ ಬಿಳುಪು, ತುರಿಕೆ, ಉರಿ ಎಲ್ಲಕ್ಕೂ ಒಂದೇ ಹೆಸರು: ಉಷ್ಣ. ಮದ್ದೂ ಅದೇ, ಎಳನೀರು, ಮಜ್ಜಿಗೆ.

ಗಂಟಲುನೋವಿಗೆ ಆಂಟಿಬಯಾಟಿಕ್ ನುಂಗಿದ ವಾರದಲ್ಲಿ ನನಗೂ ತುರಿಕೆ ಶುರುವಾಯಿತು. ಯೋನಿಯೊಳಗಿನ ಹುಳಿಯನ್ನು ಕಾಯುವುದು ಲ್ಯಾಕ್ಟೋಬ್ಯಾಸಿಲಸ್ ಎಂಬ ಬ್ಯಾಕ್ಟೀರಿಯಾ. ಮಾತ್ರೆ ಅದನ್ನೂ ಕೊಂದಿದ್ದರಿಂದ ಕ್ಯಾಂಡಿಡಾ ಎಂಬ ಶಿಲೀಂಧ್ರ ಹೆಚ್ಚಿತು ಎಂದರು ಡಾಕ್ಟರಮ್ಮ. ನಾಲ್ವರು ಹೆಂಗಸರಲ್ಲಿ ಮೂವರಿಗೆ ಒಮ್ಮೆಯಾದರೂ ಬರುವಂಥದ್ದು. ಫ್ಲುಕೊನಜೋಲ್ 150 ಮಿ.ಗ್ರಾಂ., ಒಂದೇ ಮಾತ್ರೆ. ಬಸುರಿಯಾದರೆ ಅದು ಬೇಡ, ಒಳಗಿಡುವ ಕ್ಲೋಟ್ರಿಮಜೋಲ್.

ಮೊಸರು, ಪ್ರೊಬಯಾಟಿಕ್ ಕ್ಯಾಪ್ಸೂಲ್ ಸಾಲದೇ ಎಂದು ಸಂಶೋಧನೆಯ ಚಟದಿಂದ ಹುಡುಕಿದೆ. 2017ರ ಕಾಕ್ರೇನ್ ವಿಮರ್ಶೆಯ ಪ್ರಕಾರ, ಔಷಧಿಯ ಜೊತೆಗೆ ಪ್ರೊಬಯಾಟಿಕ್ ಕೊಟ್ಟರೆ ಅಲ್ಪಾವಧಿಯಲ್ಲಿ ಗುಣವಾಗುವವರು ಹೆಚ್ಚಬಹುದು. ಆದರೆ ಪುರಾವೆ ದುರ್ಬಲ. ಮೊಸರಿನ ಜಾಗ ತಟ್ಟೆಯಲ್ಲೇ.

ಇಷ್ಟನ್ನೂ ಮಳವಳ್ಳಿಯ ಚಿಕ್ಕಮ್ಮನಿಗೆ ಹೇಳಿದೆ. ಅವಳು ಬಾಗಿಲು ಮುಂದಕ್ಕೆ ಹಾಕಿ, ‘ನಂಗೆ ಮೂರು ವರ್ಸದಿಂದ ಹೋಯ್ತದೆ, ಬತ್ತದೆ ಕಣವ್ವ. ಯಾರ್ಗೆ ಹೇಳಾದು?’ ಅಂದಳು. ಹೀಗೆ ಮತ್ತೆ ಮತ್ತೆ ಬಂದರೆ ಸಕ್ಕರೆ ಕಾಯಿಲೆ ಇದೆಯೇ ಎಂದು ನೋಡಿಸಬೇಕು. ಉಷ್ಣ ಅಂದುಕೊಂಡವರು ರಕ್ತ ಪರೀಕ್ಷೆ ಯಾಕೆ ಮಾಡಿಸಿಯಾರು? ಸೋಮವಾರ ಖಾಲಿ ಹೊಟ್ಟೆಯಲ್ಲಿ ಮಂಡ್ಯಕ್ಕೆ ಬಾ ಎಂದಿದ್ದೇನೆ.